ಕರಾರು ಪತ್ರದ ಕನ್ನಡ

ಕನ್ನಡವು ಆಡಳಿತದ ಭಾಷೆಯಾಗಬೇಕೆಂಬ ಮಾತು ಎದ್ದಾಗಲೆಲ್ಲ ನಮ್ಮವರ ಕಣ್ಣು ಮೊದಲು ಹೋಗುವುದು ಕಚೇರಿಯ ಬೋರ್ಡಿನ ಮೇಲೆ. ಬೋರ್ಡು ಕನ್ನಡದಲ್ಲಿದ್ದರೆ ತೃಪ್ತಿ, ಇಲ್ಲದಿದ್ದರೆ ಮೆರವಣಿಗೆ. ಆ ಬೋರ್ಡಿನ ಕೆಳಗಣ ಬಾಗಿಲಲ್ಲಿ ಒಳಹೊಕ್ಕು ಮೇಜಿನ ಮೇಲಿರುವ ಛಾಪಾ ಕಾಗದವನ್ನು ಓದಿದವರು ಕಡಮೆ. ನಾನು ಓದಿದ್ದೇನೆ. ಕನ್ನಡ ಮೇಷ್ಟರೆಂದ ಮೇಲೆ ಮದುವೆಯ ಕರೆಯೋಲೆಯಿಂದ ಮೊದಲ್ಗೊಂಡು ಸಾಲದ ನೋಟೀಸಿನವರೆಗೆ ಊರವರು ಎಲ್ಲ ಕಾಗದಗಳನ್ನೂ ತಂದು ಮುಂದಿಡುವುದು ವಾಡಿಕೆಯಷ್ಟೆ. ಅವುಗಳಲ್ಲಿ ಈಚೆಗೆ ಹೆಚ್ಚುತ್ತಿರುವುವು ಸ್ಥಳೀಯ ಸಂಸ್ಥೆಗಳ ಕರಾರು ಪತ್ರಗಳು: ಪುರಸಭೆಯ ನೀರುಗಂಟಿಯದು, ಕಂಪ್ಯೂಟರ್ ಮುಂದೆ ಕುಳಿತು ತೆರಿಗೆಯ ಲೆಕ್ಕ ತುಂಬುವ ಹುಡುಗಿಯದು, ಕಸದ ಆಟೋ ಓಡಿಸುವವನದು, ಸ್ಮರಣ ಸಂಚಿಕೆಗೆ ಊರಿನ ಇತಿಹಾಸ ಬರೆದುಕೊಡಲು ಒಪ್ಪಿದ ಹಳೆಯ ಶಿಷ್ಯನೊಬ್ಬನದು. ಇವನ್ನೆಲ್ಲ ಓದಿದ ಮೇಲೆ ನನಗೆ ಅನಿಸಿರುವುದಿಷ್ಟು: ಇಂದು ಕನ್ನಡದಲ್ಲಿ ಬರೆಯಲಾಗುತ್ತಿರುವ ಗದ್ಯದಲ್ಲೆಲ್ಲ ಅತ್ಯಂತ ಕೆಟ್ಟ ಗದ್ಯ ಇದು, ಈ ಕೆಟ್ಟತನದಿಂದ ಕೆಲವರಿಗೆ ಲಾಭವೂ ಇದೆ.

ಒಂದು ಪತ್ರ ನನ್ನ ಮುಂದಿದೆ. ಮೊದಲ ಪುಟ ಇಂಗ್ಲಿಷು. ಹಿಂದೆ ಅದರ ಕನ್ನಡ ಅನುವಾದವೆಂದು ಹೇಳಿಕೊಳ್ಳುವ ಏನೋ ಒಂದು. ಪುರಸಭೆ ‘ಒಂದನೇ ಪಾರ್ಟಿ’, ಕೆಲಸಗಾರ ‘ಎರಡನೇ ಪಾರ್ಟಿ’. ‘ಸದರಿ’ ಎಂಬ ಮಾತು ಒಂದೇ ವಾಕ್ಯದಲ್ಲಿ ಐದು ಸಲ ಬಂದು, ಯಾವ ಸದರಿ ಯಾವುದನ್ನು ಹೇಳುತ್ತದೆಂಬುದು ಬರೆದವನಿಗೂ ಹೊಳೆಯದಂತಾಗಿದೆ. ಷರತ್ತುಗಳು ಒಟ್ಟು 19. ಅವುಗಳಲ್ಲಿ 17 ಎರಡನೇ ಪಾರ್ಟಿ ಮಾಡಬೇಕಾದುದನ್ನೂ ಮಾಡಬಾರದುದನ್ನೂ ಹೇಳುತ್ತವೆ. ಉಳಿದ ಎರಡು ಒಂದನೇ ಪಾರ್ಟಿಯ ಕರ್ತವ್ಯಗಳಿರಬಹುದೆಂದು ನೋಡಿದರೆ, ಅವು ಅದರ ಅಧಿಕಾರಗಳು! ಯಾವ ಮುನ್ಸೂಚನೆಯನ್ನೂ ಕೊಡದೆ ಕೆಲಸದಿಂದ ತೆಗೆಯುವ ಅಧಿಕಾರ ಒಂದು. ಷರತ್ತುಗಳನ್ನು ಬೇಕೆಂದಾಗ ಬದಲಿಸುವ ಅಧಿಕಾರ ಇನ್ನೊಂದು. ಸಂಬಳ ಎಂದು ಬರುತ್ತದೆ? ಅನುದಾನ ಬಂದಾಗ.

ಇಬ್ಬರು ಕೂಡಿ ಮಾಡಿಕೊಂಡದ್ದಕ್ಕೆ ತಾನೇ ಕರಾರೆನ್ನುವುದು? ಒಬ್ಬನ ಮಾತು, ಇನ್ನೊಬ್ಬನ ಹೆಬ್ಬೆಟ್ಟು ಸೇರಿದರೆ ಅದಕ್ಕೆ ಹುಕುಮು ಎಂದು ಹೆಸರು. ಹುಕುಮನ್ನು ಹುಕುಮೆಂದು ಕರೆದರೆ ಪ್ರಾಮಾಣಿಕತೆಯಾದರೂ ಉಳಿದೀತು.

ಕನ್ನಡದಲ್ಲೇ ಏಕೆ ಬರೆಯಬಾರದೆಂದು ಕೇಳಿದರೆ, ಕೋರ್ಟಿಗೆ ಹೋದರೆ ಇಂಗ್ಲಿಷೇ ಬೇಕು ಎಂಬ ಉತ್ತರ ಸಿದ್ಧವಾಗಿದೆ. ಸಂವಿಧಾನದ 348ನೆಯ ವಿಧಿ ಇಂಗ್ಲಿಷನ್ನು ಹೇಳಿರುವುದು ಸುಪ್ರೀಂ ಕೋರ್ಟು, ಹೈಕೋರ್ಟುಗಳ ವ್ಯವಹಾರಕ್ಕೆ. ನೀರುಗಂಟಿಯ ಒಂದು ತಿಂಗಳ ಬಾಕಿ ಸಂಬಳ ಸುಪ್ರೀಂ ಕೋರ್ಟಿನಲ್ಲೇ ಹುಟ್ಟುವುದೆ? ರಾಜಭಾಷೆಯ ಕಾಯಿದೆ ಬಂದದ್ದು 1963ರಲ್ಲಿ. ಸ್ಥಳೀಯ ಪ್ರಾಧಿಕಾರಗಳಿಗೆಂದೇ ಬೇರೊಂದು ಕಾಯಿದೆ 1981ರಲ್ಲಿ ಬಂತು. ಊರ ಕೆಲಸ ಊರ ಭಾಷೆಯಲ್ಲಿ ನಡೆಯಲೆಂದು ಶಾಸನವನ್ನೇ ಮಾಡಿದ ನಾಡಿನಲ್ಲಿ, ಊರಿನ ಚರಂಡಿ ತೊಳೆಯುವವನು ತನ್ನ ಕೂಲಿ ಎಷ್ಟೆಂದು ತಿಳಿಯಲು ಕಾಲೇಜಿನ ಮೇಷ್ಟರ ಮನೆಗೆ ಬರಬೇಕೆಂದರೆ ಏನು ಹೇಳಬೇಕು!

ಕನ್ನಡಕ್ಕೆ ಕಾನೂನಿನ ಖಚಿತತೆ ಇಲ್ಲವೆನ್ನುವವರೂ ಇದ್ದಾರೆ. ಇವರು ನಮ್ಮ ಶಾಸನಗಳನ್ನು ನೋಡಿಲ್ಲ. ಐದನೆಯ ಶತಮಾನದ್ದೆಂದು ವಿದ್ವಾಂಸರು ಎಣಿಸುವ ಹಲ್ಮಿಡಿ ಶಾಸನವೇ ಒಂದು ದುಡಿಮೆಯ ಲೆಕ್ಕ: ಯುದ್ಧದಲ್ಲಿ ಕಾದಿದ ವಿಜಅರಸನಿಗೆ ಬಾಳ್ಗಳ್ಚಾಗಿ ಊರುಗಳನ್ನು ಕೊಟ್ಟದ್ದು ಅದರ ವಿಷಯ. ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಏತಕ್ಕೆ ಕೊಟ್ಟರು, ಕೆಡಿಸಿದವನಿಗೆ ಏನು ತಟ್ಟುತ್ತದೆ ಎಂಬ ನಾಲ್ಕೂ ಹದಿನಾರು ಸಾಲಿನೊಳಗೆ ಮುಗಿದಿವೆ. ಅನಂತರದ ದತ್ತಿಶಾಸನಗಳಲ್ಲಿ ಗದ್ದೆಯ ಮೂಡಣ ಎಲ್ಲೆಗೆ ಯಾವ ಹುಣಸೆಯ ಮರ, ತೆಂಕಣ ಎಲ್ಲೆಗೆ ಯಾವ ಕಲ್ಲು ಎಂಬುದನ್ನೂ ಬಿಡದೆ ಕೆತ್ತಿದ್ದಾರೆ. ಸಾವಿರ ವರ್ಷದ ಹಿಂದೆ ಎಲ್ಲೆಯನ್ನು ಹೇಳಬಲ್ಲ ಭಾಷೆಗೆ ಇಂದು ಸಂಬಳದ ತಾರೀಖನ್ನು ಹೇಳಲು ಬಾರದೆಂದರೆ ಅದು ಭಾಷೆಯ ದೋಷವೆ?

ಇನ್ನು ಆ ಪ್ರಸಿದ್ಧವಾದ ಹನ್ನೊಂದು ತಿಂಗಳು. ಇದು ಮನೆ ಬಾಡಿಗೆಯ ಪತ್ರದಿಂದ ವಲಸೆ ಬಂದ ಲೆಕ್ಕ. 1908ರ ನೋಂದಣಿ ಕಾಯಿದೆಯ ಪ್ರಕಾರ ಒಂದು ವರ್ಷಕ್ಕೆ ಮೀರಿದ ಗೇಣಿಪತ್ರವನ್ನು ನೋಂದಾಯಿಸಬೇಕು. ಆ ಖರ್ಚು ತಪ್ಪಿಸಲು ಮನೆಯ ಯಜಮಾನರು ಹನ್ನೊಂದು ತಿಂಗಳಿಗೆ ಬರೆಸುತ್ತಾರೆ. ಮನುಷ್ಯನ ದುಡಿಮೆಗೆ ಇಂಥ ನೋಂದಣಿ ಎಲ್ಲಿದೆ? ಇಲ್ಲಿ ಅದರ ಉಪಯೋಗ ಬೇರೆ. ಹನ್ನೊಂದು ತಿಂಗಳಾದ ಮೇಲೆ ಒಂದು ದಿನ ಬಿಡುವು ಕೊಟ್ಟು ಮರುದಿನ ಹೊಸ ಕಾಗದಕ್ಕೆ ಸಹಿ ಹಾಕಿಸಿಕೊಂಡರೆ, ಹತ್ತು ವರ್ಷ ಒಂದೇ ನಲ್ಲಿಯನ್ನು ತಿರುಗಿಸಿದವನೂ ಕಾಗದದಲ್ಲಿ ಎಂದೆಂದಿಗೂ ಹೊಸಬನೇ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು, ನಿಗದಿತ ಅವಧಿಗೆ ನೇಮಕವಾದವನಿಗೂ ಒಂದು ವರ್ಷ ದುಡಿದರೆ ಗ್ರಾಚ್ಯುಯಿಟಿ ಸಲ್ಲಬೇಕೆಂದು ಹೇಳುತ್ತವೆ. ಅದೇ ಕೆಲಸದ ಕಾಯಂ ನೌಕರನಿಗಿರುವ ಸೌಲಭ್ಯ ಇವನಿಗೂ ಇರಬೇಕೆನ್ನುತ್ತವೆ. ಕಾರ್ಖಾನೆಯ ಯಜಮಾನನಿಂದ ಸರಕಾರ ಬಯಸುವ ಮರ್ಯಾದೆ ಇದು. ಜನರ ತೆರಿಗೆಯಿಂದ ನಡೆಯುವ ಪುರಸಭೆ ಆ ಯಜಮಾನನಿಗಿಂತ ಒಂದು ತಿಂಗಳು ಜಾಣನಾಗಿ ನಡೆದುಕೊಂಡರೆ ಸೊಗಸೆ?

ಇಂಥ ಷರತ್ತುಗಳಲ್ಲಿ ಎಷ್ಟೋ ಕಾನೂನಿನ ಮುಂದೆ ನಿಲ್ಲತಕ್ಕವೂ ಅಲ್ಲ. ‘ಯಾವುದೇ ನ್ಯಾಯಾಲಯದ ಮೊರೆ ಹೋಗತಕ್ಕದ್ದಲ್ಲ’ ಎಂದು ಬರೆಸಿಕೊಳ್ಳುವವರು 1872ರ ಕರಾರು ಕಾಯಿದೆಯ 28ನೆಯ ಪ್ರಕರಣವನ್ನು ಓದಲಿ. ಅಂಥ ಮಾತು ಅಲ್ಲಿಗೇ ಶೂನ್ಯ. ಮುನ್ಸೂಚನೆಯಿಲ್ಲದೆ, ಕಾರಣವಿಲ್ಲದೆ ತೆಗೆಯುತ್ತೇವೆನ್ನುವವರು 1986ರ ಬ್ರೋಜೋನಾಥ್ ಗಂಗೂಲಿ ಪ್ರಕರಣದ ತೀರ್ಪನ್ನು ಓದಲಿ. ಅಲ್ಲಿ ಸರಕಾರಿ ಸ್ವಾಮ್ಯದ ಕಂಪೆನಿಯೊಂದು ಮೂರು ತಿಂಗಳ ನೋಟೀಸನ್ನೋ ಅದಕ್ಕೆ ಬದಲಾಗಿ ಸಂಬಳವನ್ನೋ ಕೊಟ್ಟು ಕಾಯಂ ನೌಕರನನ್ನು ಕಳಿಸಬಹುದೆಂಬ ನಿಯಮ ಮಾಡಿಕೊಂಡಿತ್ತು. ಬಲದಲ್ಲಿ ಸಮರಲ್ಲದವರ ನಡುವೆ ಹೇರಿದ ಅನ್ಯಾಯದ ಷರತ್ತು ಇದೆಂದು ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಮೂರು ತಿಂಗಳ ನೋಟೀಸೇ ಸಾಲದೆಂದ ಮೇಲೆ ನಮ್ಮ ಪುರಸಭೆಗಳ ಶೂನ್ಯ ನೋಟೀಸಿನ ಗತಿಯೇನು? ಆದರೆ ಶೂನ್ಯವಾದ ಷರತ್ತಿಗೂ ಒಂದು ಶಕ್ತಿಯಿದೆ: ಅದು ಶೂನ್ಯವೆಂದು ತಿಳಿಯದವನನ್ನು ಹೆದರಿಸುವ ಶಕ್ತಿ. ಅದಕ್ಕಾಗಿಯೇ ಅದು ಅಲ್ಲಿ ಕುಳಿತಿದೆ.

ಉಮಾದೇವಿ ಪ್ರಕರಣದ ಹೆಸರನ್ನು ಹೇಳಿ ಬಾಯಿ ಮುಚ್ಚಿಸುವುದು ಅಧಿಕಾರಿಗಳಿಗೆ ಅಭ್ಯಾಸವಾಗಿದೆ. ನಮ್ಮ ರಾಜ್ಯದಿಂದಲೇ ಹೋದ ಆ ಮೊಕದ್ದಮೆಯಲ್ಲಿ 2006ರ ಏಪ್ರಿಲ್‌ನಲ್ಲಿ ಸಂವಿಧಾನ ಪೀಠ ಹಿಂಬಾಗಿಲ ನೇಮಕವನ್ನು ಕಾಯಂ ಮಾಡಲಾಗದೆಂದದ್ದು ನಿಜ, ನ್ಯಾಯವೂ ಹೌದು. ಆದರೆ ವರ್ಷಾನುಗಟ್ಟಲೆ ದುಡಿಸಿಕೊಂಡು ಆ ತೀರ್ಪನ್ನು ಗುರಾಣಿಯಾಗಿ ಹಿಡಿಯುವುದನ್ನು ಅದೇ ನ್ಯಾಯಾಲಯ 2024ರ ಡಿಸೆಂಬರ್‌ನಲ್ಲಿ ಜಗ್ಗೋ ಪ್ರಕರಣದಲ್ಲಿ ಆಕ್ಷೇಪಿಸಿತು. ಮರುತಿಂಗಳೇ ಗಾಜಿಯಾಬಾದ್ ನಗರ ನಿಗಮದ ತೋಟಗಾರರ ಪರವಾಗಿಯೂ ನುಡಿಯಿತು. ಒಂದನ್ನು ಕಂಠಪಾಠ ಮಾಡಿದವರು ಉಳಿದೆರಡನ್ನು ಓದದಿರುವುದು ಆಕಸ್ಮಿಕವೆಂದು ನಾನು ನಂಬಲಾರೆ. 2022ರ ಜುಲೈಯಲ್ಲಿ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಕುಳಿತಾಗ ಕಾಯಂ ಮಾಡುವ ಮಾತು ಸರಕಾರದ ಬಾಯಿಂದ ಹೊರಟಿತು. ಅದಕ್ಕೆ ಮೊದಲು ಕಾಗದದ ಮೇಲೆ ಅದು ಅಸಾಧ್ಯವಾಗಿತ್ತು.

ಬರಹಗಾರರ, ಅನುವಾದಕರ, ಚಿತ್ರಕಾರರ ಪಾಡು ಬೇರೆ ತರಹದ್ದು. ಇವರಿಗೆ ನಾವಿಟ್ಟಿರುವ ಹೆಸರೇ ‘ಹವ್ಯಾಸಿ’. ಸಂಬಳದ ಹಂಗಿಲ್ಲದೆ ಬಿಡಿಯಾಗಿ ಕೆಲಸ ಮಾಡಿ ಹೊಟ್ಟೆ ಹೊರೆಯುವವನನ್ನು ಹವ್ಯಾಸಿ ಎಂದು ಕರೆಯುವ ಭಾಷೆಯಲ್ಲಿ, ಹವ್ಯಾಸಕ್ಕೆ ದುಡ್ಡೇಕೆ ಎಂದು ಗುಮಾಸ್ತನಿಗೆ ತೋರಿದರೆ ಆಶ್ಚರ್ಯವೇನು? ನಾವು ಕನ್ನಡ ಮೇಷ್ಟರುಗಳೇ ಈ ಶಬ್ದವನ್ನು ಬಿಟ್ಟು ‘ಸ್ವತಂತ್ರ ವೃತ್ತಿಯವರು’ ಎನ್ನುವುದನ್ನು ರೂಢಿಸಬೇಕು. ನನ್ನ ಶಿಷ್ಯನ ಪತ್ರದಲ್ಲಿ ಅವನು ಬರೆದದ್ದರ ‘ಸಕಲ ಹಕ್ಕುಗಳೂ’ ಪುರಸಭೆಗೆ ಎಂದಿತ್ತು. ಎಷ್ಟು ಕಾಲಕ್ಕೆಂದು ಹೇಳಿರಲಿಲ್ಲ. 1957ರ ಕೃತಿಸ್ವಾಮ್ಯದ ಕಾಯಿದೆ ಅವಧಿ ಹೇಳದ ವರ್ಗಾವಣೆಯನ್ನು ಐದು ವರ್ಷಕ್ಕೆ ಮಾತ್ರವೆಂದು ಭಾವಿಸುತ್ತದೆ. ಅದು ಅವನಿಗೂ ಗೊತ್ತಿಲ್ಲ, ಕರಡು ಬರೆದವರಿಗೂ ಗೊತ್ತಿಲ್ಲ. ಹಣದ ವಿಷಯದಲ್ಲೂ ಹಾಗೆಯೇ. ಸೂಕ್ಷ್ಮ ಉದ್ಯಮವೆಂದು ನೋಂದಾಯಿಸಿಕೊಂಡವರಿಗೆ 2006ರ ಕಾಯಿದೆಯಂತೆ ಹೆಚ್ಚೆಂದರೆ 45 ದಿನದೊಳಗೆ ಹಣ ಸಲ್ಲಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಶಿಷ್ಯನ ಪುಸ್ತಕ ಬಿಡುಗಡೆಯಾಗಿ, ಹಾರ ತುರಾಯಿಗಳೂ ಮುಗಿದು, ಒಂದೂವರೆ ವರ್ಷವಾಯಿತು. ಕಡತ ಇನ್ನೂ ‘ಮಂಡಿಸಿದೆ’.

ಹಾಗಾದರೆ ಹೇಗೆ ಬರೆಯಬೇಕು? ಹೀಗೆ ಬರೆಯಬಹುದು: ‘ನೀವು ದಿನಕ್ಕೆ 8 ಗಂಟೆ ಕೆಲಸ ಮಾಡಬೇಕು. ವಾರಕ್ಕೆ ಒಂದು ದಿನ ಸಂಬಳಸಹಿತ ರಜ. ಪ್ರತಿ ತಿಂಗಳೂ 7ನೆಯ ತಾರೀಖಿನೊಳಗೆ ಸಂಬಳ ನಿಮ್ಮ ಖಾತೆಗೆ ಬರುತ್ತದೆ. ನಿಮ್ಮನ್ನು ಬಿಡಿಸಬೇಕಾದರೆ ಕಾರಣವನ್ನು ಬರೆದು ತಿಳಿಸಿ, ನಿಮ್ಮ ಉತ್ತರ ಕೇಳಿ, ಒಂದು ತಿಂಗಳು ಮುಂಚೆ ಹೇಳುತ್ತೇವೆ.’ ಇದರಲ್ಲಿ ಯಾವ ವಾಕ್ಯ ಅಖಚಿತ? ಕಷ್ಟ ಇಷ್ಟೆ: ಹೀಗೆ ಬರೆದರೆ ಹಾಗೆ ನಡೆದುಕೊಳ್ಳಬೇಕಾಗುತ್ತದೆ. ಅನುದಾನ ತಡವಾಗುತ್ತದೆ ಎನ್ನುತ್ತಾರೆ. ಅನುದಾನ ತಡವಾದರೆ ಕಾಯಂ ಅಧಿಕಾರಿಯ ಸಂಬಳ ಎಂದಾದರೂ ಷರತ್ತಿಗೊಳಪಟ್ಟಿದೆಯೆ?

‘ಮೇಷ್ಟ್ರೇ, ಇದು ಮೇಲಿಂದ ಬಂದ ನಮೂನೆ, ನಮ್ಮ ಕೈಲಿ ಏನಿದೆ?’ ಎಂದು ಒಬ್ಬ ಮುಖ್ಯಾಧಿಕಾರಿಗಳು ನನ್ನೊಡನೆ ಹೇಳಿದರು. ಒಳ್ಳೆಯವರು, ಸುಳ್ಳಾಡಿದರೆಂದು ನಾನು ಹೇಳುವುದಿಲ್ಲ. ಆದರೆ ಅವರೇ ಸಹಿ ಮಾಡಿದ ಪತ್ರದ 12ನೆಯ ಷರತ್ತಿನಲ್ಲಿ ಊರಿನ ಹೆಸರೇ ಬೇರೆ. ಇನ್ನಾವುದೋ ಪುರಸಭೆಯ ಕಂಪ್ಯೂಟರಿನಿಂದ ಎತ್ತಿಕೊಂಡು, ಮೇಲಿನ ಸಾಲಿನ ಹೆಸರನ್ನಷ್ಟೆ ಬದಲಿಸಿ, ಉಳಿದುದನ್ನು ಯಾರೂ ಓದದೆ ಛಾಪಾ ಕಾಗದಕ್ಕೆ ಇಳಿಸಿದ್ದರು. ಆ ಷರತ್ತಿನ ಪ್ರಕಾರ ನಮ್ಮ ನೀರುಗಂಟಿ ದಿನವೂ ಹಾಜರಿ ಹಾಕಬೇಕಾದದ್ದು ಎಂಬತ್ತು ಮೈಲಿ ಆಚೆಯ ಕಚೇರಿಯಲ್ಲಿ. ಎರಡು ವರ್ಷದಿಂದ ಅವನು ಅದನ್ನು ಪಾಲಿಸಿಲ್ಲ. ಇದುವರೆಗೆ ಯಾರೂ ಕೇಳಿಯೂ ಇಲ್ಲ.