ಮನೆಯೊಳಗಿನ ಕಡತಗಳ ವಿನಿಮಯ

ಒಂದೇ ಸೂರಿನಡಿಯಲ್ಲಿ ಬೇರೆ ಬೇರೆ ಜಾತಿಯ ಗಣಕಯಂತ್ರಗಳಿರುವುದು ಇಂದು ಅನೇಕ ಮನೆಗಳಲ್ಲಿ ಕಾಣುವ ಸಂಗತಿ. ಮಗನ ಕಚೇರಿಯ ಕೆಲಸ ವಿಂಡೋಸ್‌ನಲ್ಲಿ, ಸೊಸೆಯ ಕೆಲಸ ಮ್ಯಾಕ್‌ನಲ್ಲಿ, ಇಂಜಿನಿಯರಿಂಗ್ ಓದುವ ಮೊಮ್ಮಗನ ಅಭ್ಯಾಸ ಲಿನಕ್ಸ್‌ನಲ್ಲಿ ನಡೆದಿರುತ್ತದೆ. ಅಜ್ಜನವರು ಸಿದ್ಧಪಡಿಸಿದ ವಂಶಾವಳಿಯನ್ನೋ ಮದುವೆಯ ವಿಡಿಯೋವನ್ನೋ ಒಂದರಿಂದ ಇನ್ನೊಂದಕ್ಕೆ ಒಯ್ಯಬೇಕಾದಾಗ ತೊಡಕು ತಲೆದೋರುತ್ತದೆ. ಈ ತೊಡಕು ಎರಡು ಬಗೆಯದು. ಒಂದು ಸಾಗಣೆಯದು, ಇನ್ನೊಂದು ಲಿಪಿಯದು. ಇವೆರಡನ್ನೂ ಬೇರ್ಪಡಿಸಿ ತಿಳಿಯುವುದು ಅವಶ್ಯ.

ಮೊದಲು ಸಾಗಣೆಯನ್ನು ನೋಡೋಣ. ಪೆನ್‌ಡ್ರೈವಿನಲ್ಲಿ ಕಡತಗಳನ್ನು ಜೋಡಿಸಿಡುವ ಪದ್ಧತಿಗಳು ಹಲವು. ವಿಂಡೋಸ್‌ನ ಎನ್‌ಟಿಎಫ್‌ಎಸ್ ಪದ್ಧತಿಯ ಡ್ರೈವನ್ನು ಮ್ಯಾಕ್ ಓದಬಲ್ಲುದು. ಆದರೆ ಅನ್ಯ ತಂತ್ರಾಂಶದ ನೆರವಿಲ್ಲದೆ ಅದರಲ್ಲಿ ಬರೆಯಲಾರದು. ಹಳೆಯ ಫ್ಯಾಟ್32 ಪದ್ಧತಿಯನ್ನು ಮೂರೂ ಯಂತ್ರಗಳು ಒಪ್ಪುತ್ತವೆ. ಆದರೆ ಅದರಲ್ಲಿ 4 ಜಿಬಿಗೆ ಮೀರಿದ ಕಡತ ಹಿಡಿಸದು. 2006ರಲ್ಲಿ ಮೈಕ್ರೋಸಾಫ್ಟ್ ತಂದ ಎಕ್ಸ್‌ಫ್ಯಾಟ್‌ಗೆ ಆ ಮಿತಿಯಿಲ್ಲ. ಅದರ ವಿವರಣೆಯನ್ನು ಸಂಸ್ಥೆಯು 2019ರಲ್ಲಿ ಬಹಿರಂಗಪಡಿಸಿದ ತರುವಾಯ ಲಿನಕ್ಸ್ ಕೂಡ ಅದನ್ನು ತನ್ನ ತಿರುಳಿನಲ್ಲಿ ಸೇರಿಸಿಕೊಂಡಿತು. ಆದಕಾರಣ ಎಲ್ಲೆಡೆ ಓಡಾಡುವ ಪೆನ್‌ಡ್ರೈವಿಗೆ ಎಕ್ಸ್‌ಫ್ಯಾಟ್ ಯೋಗ್ಯವಾದುದು. ಪದ್ಧತಿಯನ್ನು ಬದಲಿಸಲು ಫಾರ್ಮ್ಯಾಟ್ ಮಾಡಿದರೆ ಒಳಗಿರುವುದೆಲ್ಲ ಅಳಿಸಿಹೋಗುವುದರಿಂದ ಮೊದಲೇ ಪ್ರತಿ ತೆಗೆದಿಡತಕ್ಕದ್ದು.

ವೈಫೈ ಇರುವ ಮನೆಯಲ್ಲಿ ಪೆನ್‌ಡ್ರೈವೂ ಬೇಕಿಲ್ಲ. ವಿಂಡೋಸ್ ಯಂತ್ರಗಳು ಕಡತಗಳ ವಿನಿಮಯಕ್ಕೆ ಆಡುವ ಭಾಷೆಗೆ ಎಸ್‌ಎಂಬಿ ಎಂದು ಹೆಸರು. ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ ಟ್ರಿಡ್ಜೆಲ್ ಅವರು ಯಂತ್ರಗಳ ನಡುವೆ ಹರಿಯುವ ಸಂದೇಶಗಳನ್ನೇ ಪರಿಶೀಲಿಸಿ, ಅವುಗಳ ಕ್ರಮವನ್ನು ಅರಿತು, 1992ರಲ್ಲಿ ಒಂದು ತಂತ್ರಾಂಶವನ್ನು ಹೊರತಂದರು. ಅದೇ ಮುಂದೆ ಸಾಂಬಾ ಎಂದು ಪ್ರಸಿದ್ಧವಾಗಿ ಲಿನಕ್ಸ್‌ಗೆ ಆ ಭಾಷೆಯನ್ನು ಕಲಿಸಿತು. ಆಪಲ್ ಸಂಸ್ಥೆಯೂ 2013ರಲ್ಲಿ ಎಸ್‌ಎಂಬಿಯ ಎರಡನೆಯ ಆವೃತ್ತಿಯನ್ನು ತನ್ನ ಮುಖ್ಯ ಪದ್ಧತಿಯಾಗಿ ಸ್ವೀಕರಿಸಿತು. ಹಂಚಬೇಕಾದ ಫೋಲ್ಡರನ್ನಷ್ಟೇ ಆರಿಸಿ, ಗುಪ್ತಪದವಿಟ್ಟು ತೆರೆದರೆ ಮನೆಯ ಎಲ್ಲರಿಗೂ ಅದು ದೊರೆಯುತ್ತದೆ. ಹಳೆಯ ಮೊದಲನೆಯ ಆವೃತ್ತಿಯನ್ನು ಮಾತ್ರ ಬಳಸಲಾಗದು. 2017ರ ಮೇ ತಿಂಗಳಲ್ಲಿ ಜಗತ್ತನ್ನು ಕಾಡಿದ ವಾನಾಕ್ರೈ ಹಬ್ಬಿದ್ದು ಅದರ ದೋಷದ ಮೂಲಕವೇ.

ಇನ್ನು ಲಿಪಿಯ ತೊಡಕು. ಕಡತವು ಸುರಕ್ಷಿತವಾಗಿ ತಲುಪಿದರೂ ಓದಲು ಬಾರದೆ ಹೋಗುವುದುಂಟು. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳು ರೋಮನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅಜ್ಜನವರ ವಂಶಾವಳಿಯು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ತೋರುತ್ತದೆ. ಕಡತ ಕೆಟ್ಟಿತೆಂದು ಭಾವಿಸಿ ಕಿರಿಯರು ಅದನ್ನು ಅಳಿಸಿಬಿಟ್ಟರೆ ಮನೆತನದ ನೆನಪೇ ಅಳಿದಂತೆ. ವಾಸ್ತವವಾಗಿ ಅದು ಕೆಟ್ಟಿರುವುದಿಲ್ಲ. ಓದುವ ಕೀಲಿಕೈ ಮಾತ್ರ ಇಲ್ಲವಾಗಿರುತ್ತದೆ.

1991ರ ಮೊದಲ ಆವೃತ್ತಿಯಲ್ಲಿಯೇ ಯೂನಿಕೋಡ್ ಕನ್ನಡಕ್ಕೆ ಸ್ವಂತ ಸ್ಥಾನಗಳನ್ನು ಕೊಟ್ಟಿದೆ. ಅದರಲ್ಲಿರುವ ಬರಹವನ್ನು ಇಂದಿನ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರೂ ಓದುತ್ತವೆ. ಹಳೆಯ ಕಡತಗಳನ್ನು ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿಯೇ ದೊರೆಯುತ್ತವೆ. ಆದರೆ ಯಂತ್ರದ ಕೆಲಸವನ್ನು ಕುರುಡಾಗಿ ನಂಬಲಾಗದು. ಅರ್ಕಾವೊತ್ತು, ಒತ್ತಕ್ಷರಗಳಿರುವಲ್ಲಿ ತಪ್ಪು ನುಸುಳಬಹುದು. ಊರಿನ ಹೆಸರಲ್ಲಿ ಒಂದು ಒತ್ತು ಬಿದ್ದುಹೋದರೆ ಮುಂದಿನ ಪೀಳಿಗೆಗೆ ಅದನ್ನು ತಿದ್ದುವವರು ಸಿಗಲಾರರು.

ಆದುದರಿಂದ ಗೃಹಸ್ಥರು ಈ ಕಾರ್ಯವನ್ನು ಮುಂದೂಡಬಾರದು. ಬರೆದ ಹಿರಿಯರು ನಮ್ಮೊಡನೆ ಇರುವಾಗಲೇ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪರಿವರ್ತಿಸಿದ ಪುಟಗಳನ್ನು ಗಟ್ಟಿಯಾಗಿ ಓದಿ ತಿದ್ದಿಸಿಕೊಳ್ಳಬೇಕು. ಮೂಲ ಕಡತವನ್ನೂ ಅದರ ಫಾಂಟನ್ನೂ ಅಳಿಸದೆ ಜೊತೆಗಿರಿಸಬೇಕು. ತಿದ್ದಿದ ಪ್ರತಿಯನ್ನು ಮನೆಯ ಎಲ್ಲ ಯಂತ್ರಗಳಲ್ಲೂ ತೆರೆದು ನೋಡಿ, ಪ್ರತಿಯೊಬ್ಬರೂ ಓದಬಲ್ಲರೆಂದು ಖಚಿತಪಡಿಸಿಕೊಂಡ ಬಳಿಕವೇ ಹಂಚಿಕೆ ಪೂರ್ಣವಾಯಿತೆಂದು ತಿಳಿಯತಕ್ಕದ್ದು.