ಜಾಗ್ವಾರ್‌ಗೆ ಬಿಡಿಭಾಗದ ಬರ: ಫ್ರಾನ್ಸ್‌ನ ಹಳೆಯ ವಿಮಾನದಲ್ಲೂ ಸಿಗದ ಸರ್ಕ್ಯೂಟ್!

ಪುಣೆ: ರೈತರೇ ಜಮೀನು ಒಟ್ಟುಗೂಡಿಸಿ ಕಟ್ಟಿದ ಮಗರಪಟ್ಟಾದಲ್ಲಿ ಇಂದು ಗಾಜಿನ ಐಟಿ ಕಟ್ಟಡಗಳ ಸಾಲು. ಅದೇ ನಗರದ ಇನ್ನೊಂದು ತುದಿಯಲ್ಲಿ ಲೋಹೆಗಾಂವ್ ವಾಯುನೆಲೆ. 1961ರ ಡಿಸೆಂಬರ್ 18ರಂದು ಗೋವಾದ ದಾಬೋಲಿಂ ರನ್‌ವೇ ಮೇಲೆ ಬಾಂಬ್ ಸುರಿಸಿದ 12 ಕ್ಯಾನ್‌ಬೆರಾಗಳು ಹಾರಿದ್ದು ಪುಣೆಯಿಂದಲೇ. 1957ರಲ್ಲಿ ಸೇನೆ ಸೇರಿದ ಕ್ಯಾನ್‌ಬೆರಾ ನಿವೃತ್ತಿಯಾಗಿದ್ದು 2007ರಲ್ಲಿ. ಅಂದರೆ ಬರೋಬ್ಬರಿ 50 ವರ್ಷ!

ಈಗ ಅದೇ ಹಾದಿಯಲ್ಲಿರುವುದು ಜಾಗ್ವಾರ್. 1979ರಲ್ಲಿ ಬಂದ ಈ ದಾಳಿ ವಿಮಾನವನ್ನು ಫ್ರಾನ್ಸ್, ಬ್ರಿಟನ್, ಒಮಾನ್ ಎಲ್ಲರೂ ಕೈಬಿಟ್ಟಾಗಿದೆ. ಜಗತ್ತಿನಲ್ಲಿ ಇದನ್ನು ಹಾರಿಸುತ್ತಿರುವುದು ಭಾರತ ಮಾತ್ರ. ಕೈಬಿಡುವ ಸ್ಥಿತಿಯಲ್ಲೂ ನಾವಿಲ್ಲ. 42 ಸ್ಕ್ವಾಡ್ರನ್ ಇರಬೇಕಾದ ವಾಯುಪಡೆ, 2025ರ ಸೆಪ್ಟೆಂಬರ್‌ನಲ್ಲಿ ಮಿಗ್-21 ನಿವೃತ್ತಿಯಾದ ಬಳಿಕ 29ಕ್ಕೆ ಇಳಿದಿದೆ. ಅದರಲ್ಲಿ ಆರು ಜಾಗ್ವಾರ್‌ನವೇ.

ಬಿಡಿಭಾಗಕ್ಕಾಗಿ 31 ಹಳೆಯ ಜಾಗ್ವಾರ್ ಒಡಲುಗಳನ್ನು ಉಚಿತವಾಗಿ ಕೊಡಲು 2018ರಲ್ಲಿ ಫ್ರಾನ್ಸ್ ಒಪ್ಪಿತ್ತು. ಆದರೆ ಅದರಿಂದ ದಕ್ಕುವುದು ಹೆಚ್ಚಾಗಿ ಯಾಂತ್ರಿಕ ಭಾಗಗಳು. ಭಾರತದ ಜಾಗ್ವಾರ್‌ನ ಮಿದುಳು ಬೇರೆಯೇ. 1980ರ ದಶಕದಿಂದ ಇಲ್ಲೇ ರೂಪುಗೊಂಡ 'ಡಾರಿನ್' ಎಂಬ ದಿಕ್ಸೂಚಿ ಮತ್ತು ದಾಳಿ ವ್ಯವಸ್ಥೆ ಫ್ರಾನ್ಸ್‌ನ ವಿಮಾನಗಳಲ್ಲಿ ಇರಲೇ ಇಲ್ಲ. ಹೀಗಾಗಿ ಡಾರಿನ್‌ನ ಒಂದು ಸರ್ಕ್ಯೂಟ್ ಬೋರ್ಡ್ ಸುಟ್ಟರೆ ವಿದೇಶದ ಗುಜರಿ ಉಪಯೋಗಕ್ಕೆ ಬಾರದು.

ತೊಡಕಿನ ಮೂಲ ಸರಳ. ವಿಮಾನದ ಆಯುಷ್ಯ ದಶಕಗಳಲ್ಲಿ, ಚಿಪ್‌ನದ್ದು ಕೆಲವೇ ವರ್ಷಗಳಲ್ಲಿ. ಲಕ್ಷಗಟ್ಟಲೆ ಮಾರುವ ಕಂಪನಿಗೆ ಕೆಲವು ನೂರು ಚಿಪ್ ಕೇಳುವ ಸೇನೆ ದೊಡ್ಡ ಗಿರಾಕಿಯೇ ಅಲ್ಲ. ತಯಾರಿ ನಿಲ್ಲುವ ಮುನ್ನ ಒಮ್ಮೆಗೇ ಖರೀದಿಸಿಡಬೇಕು, ಇಲ್ಲವೇ ಮಧ್ಯವರ್ತಿಗಳ ಬಳಿ ಹುಡುಕಬೇಕು. ಅಲ್ಲಿ ನಕಲಿಯ ಕಾಟ. 2009-10ರಲ್ಲಿ ಅಮೆರಿಕದ ರಕ್ಷಣಾ ಸರಬರಾಜಿನಲ್ಲಿ ಸುಮಾರು 1,800 ಶಂಕಿತ ನಕಲಿ ಪ್ರಕರಣಗಳನ್ನು ಅಲ್ಲಿನ ಸೆನೆಟ್ ಸಮಿತಿ ಗುರುತಿಸಿತ್ತು. 1962ರಲ್ಲಿ ತಯಾರಿಕೆ ನಿಂತ ಬಿ-52 ಬಾಂಬರ್ ಅನ್ನು 2050ರ ದಶಕದವರೆಗೂ ಹಾರಿಸಲು ಹೊರಟಿರುವ ಅಮೆರಿಕ ಅದಕ್ಕೆ ಹೊಸ ಎಂಜಿನ್, ಹೊಸ ರೆಡಾರ್ ಎರಡನ್ನೂ ಕೂರಿಸುತ್ತಿದೆ. ಅಷ್ಟು ಹಣ ಸುರಿಯುವ ದೇಶಗಳು ಎಷ್ಟಿವೆ?

ಬೆಂಗಳೂರಿನ ಎಚ್‌ಎಎಲ್ ಹಿಡಿದಿರುವ ದಾರಿಯೂ ಅದೇ, ಆದರೆ ಅರ್ಧ. ಡಾರಿನ್-3ರಲ್ಲಿ ಹೊಸ ಮಿಷನ್ ಕಂಪ್ಯೂಟರ್, ಇಸ್ರೇಲ್‌ನ ಏಸಾ ರೆಡಾರ್ ಬಂದಿವೆ. ಹೊಸ ಎಂಜಿನ್ ಯೋಜನೆಯನ್ನು ಮಾತ್ರ ದುಬಾರಿ ಎಂದು 2019ರಲ್ಲಿ ಕೈಬಿಡಲಾಯಿತು. 2025ರಲ್ಲಿ ಪಂಚಕುಲಾ, ಜಾಮ್‌ನಗರ, ಚೂರುವಿನಲ್ಲಿ ಮೂರು ಜಾಗ್ವಾರ್ ಬಿದ್ದು ಮೂವರು ಪೈಲಟ್‌ಗಳು ಜೀವ ತೆತ್ತರು. ಇದನ್ನು ಚಿಪ್ ತಲೆಗೆ ಕಟ್ಟುವುದು ತಪ್ಪು. ಆದರೆ ಹಳೆಯ ವಿಮಾನದಲ್ಲಿ ಬಿಡಿಭಾಗದ ಗುಣಮಟ್ಟ ಸಣ್ಣ ಸಂಗತಿಯೂ ಅಲ್ಲ.

ಹಳೆಯ ಬೋರ್ಡ್ ಬಿಚ್ಚಿ ಅದೇ ಅಳತೆ, ಅದೇ ಕೆಲಸದ ಹೊಸದನ್ನು ವಿನ್ಯಾಸ ಮಾಡುವ ಎಂಬೆಡೆಡ್ ಕೌಶಲ ಪುಣೆ, ಬೆಂಗಳೂರಿನ ಐಟಿ ಪಾರ್ಕ್‌ಗಳಲ್ಲೇ ಇದೆ. 2020ರಲ್ಲಿ ಆರಂಭವಾದ 'ಸೃಜನ್' ಪೋರ್ಟಲ್‌ನಲ್ಲಿ ದೇಶೀಕರಣಕ್ಕೆ ಬೇಕಾದ ವಸ್ತುಗಳ ಪಟ್ಟಿಯೂ ಇದೆ. ಕಷ್ಟವಿರುವುದು ಲೆಕ್ಕಾಚಾರದಲ್ಲಿ: ಬೋರ್ಡ್ ಸಿದ್ಧವಾದರೂ ಬೆಂಗಳೂರಿನ ಸೆಮಿಲ್ಯಾಕ್ ಪ್ರಮಾಣಪತ್ರ ಬೇಕು, ಪರೀಕ್ಷೆಗಳಿಗೆ ಕಾಲ ಬೇಕು, ಕೊನೆಗೆ ಸಿಗುವ ಆರ್ಡರ್ ಕೆಲವೇ ಡಜನ್. ಆ ನಡುವಿನ ವೆಚ್ಚವನ್ನು ಹೊರುವವರು ಯಾರೆಂದು ತೀರ್ಮಾನವಾಗದೆ ಸಣ್ಣ ಕಂಪನಿಗಳು ಮುಂದೆ ಬರುವುದು ಕಷ್ಟ.