ಕಣ್ಣಿಗೆ ಕಾಣುವ ಕ್ಯಾನ್ಸರ್ ಮತ್ತು ನೋಡಲೊಲ್ಲದ ನಾವು

ಶರೀರದ ಒಳಗೆ ಬೆಳೆಯುವ ಹೆಚ್ಚಿನ ಕ್ಯಾನ್ಸರ್‌ಗಳನ್ನು ಪತ್ತೆ ಹಚ್ಚಲು ಯಂತ್ರಗಳು ಬೇಕು. ಹೊಟ್ಟೆಯ ಅಥವಾ ಶ್ವಾಸಕೋಶದ ಕ್ಯಾನ್ಸರನ್ನು ಮನೆಯಲ್ಲಿ ಕುಳಿತು ಕಾಣಲು ಸಾಧ್ಯವಿಲ್ಲ. ಆದರೆ ಬಾಯಿಯ ಕ್ಯಾನ್ಸರ್ ಹಾಗಲ್ಲ. ಬಹುತೇಕ ಸಂದರ್ಭಗಳಲ್ಲಿ ಅದು ಹುಟ್ಟುವುದು ಒಂದು ಕನ್ನಡಿ ಮತ್ತು ಒಂದು ಟಾರ್ಚಿನ ಬೆಳಕು ತಲುಪುವ ಜಾಗದಲ್ಲಿ. ಹೀಗಿದ್ದೂ ಈ ದೇಶದಲ್ಲಿ ಹೆಚ್ಚಿನ ರೋಗಿಗಳು ವೈದ್ಯರ ಬಾಗಿಲು ತಟ್ಟುವಾಗ ರೋಗವು ಬಹಳ ಮುಂದುವರಿದಿರುತ್ತದೆ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಂತೆ, ತುಟಿ ಮತ್ತು ಬಾಯಿಯ ಕ್ಯಾನ್ಸರಿಗೆ ಆ ವರ್ಷ ಹೊಸದಾಗಿ ತುತ್ತಾದವರು ಜಗತ್ತಿನಲ್ಲಿ ಸುಮಾರು 3.9 ಲಕ್ಷ ಮಂದಿ. ಅವರಲ್ಲಿ 1.4 ಲಕ್ಷಕ್ಕೂ ಹೆಚ್ಚು ಮಂದಿ ಭಾರತೀಯರು. ಮೂವರಲ್ಲಿ ಒಬ್ಬರಿಗಿಂತಲೂ ಹೆಚ್ಚು!

ಕಾರಣ ಗುಟ್ಟಾಗಿ ಉಳಿದಿಲ್ಲ. ಬೀಡಿ, ಸಿಗರೇಟು, ಹೊಗೆಸೊಪ್ಪು, ಗುಟ್ಕಾ, ಮದ್ಯ ಇವೆಲ್ಲ ಈ ರೋಗಕ್ಕೆ ದಾರಿ. ಮದ್ಯ ನಿಷಿದ್ಧವೆಂದು ಅದನ್ನು ಹೊಸ್ತಿಲು ದಾಟಲು ಬಿಡದ ನಮ್ಮ ಮನೆಗಳಲ್ಲಿ ಎಲೆಯಡಿಕೆಯ ತಟ್ಟೆಗೆ ಮಾತ್ರ ಗೌರವದ ಸ್ಥಾನವಿದೆ. ಮದುವೆಯಿರಲಿ, ಔತಣವಿರಲಿ, ಅದಿಲ್ಲದೆ ಅತಿಥಿ ಸತ್ಕಾರ ಪೂರ್ಣವಾಗುವುದಿಲ್ಲ. 'ನಾನು ಹೊಗೆಸೊಪ್ಪು ಹಾಕುವುದಿಲ್ಲ, ಬರೀ ಅಡಿಕೆ' ಎಂದು ಸಮಾಧಾನಪಟ್ಟುಕೊಳ್ಳುವವರೂ ಇದ್ದಾರೆ. ಆದರೆ ತಂಬಾಕು ಬೆರೆಯದ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ಇದೇ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಸ್ಪಷ್ಟಪಡಿಸಿದೆ.

ಸರಕಾರಗಳೇನು ಮಾಡಿವೆ? ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಆದರೆ ಪಾನ್ ಮಸಾಲಾದ ಪೊಟ್ಟಣವೊಂದು, ತಂಬಾಕಿನ ಪೊಟ್ಟಣ ಇನ್ನೊಂದು ಎಂದು ಬೇರ್ಪಡಿಸಿ, ಎರಡನ್ನೂ ಒಂದೇ ಅಂಗಡಿಯಲ್ಲಿ ಮಾರುವ ಉಪಾಯವನ್ನು ವ್ಯಾಪಾರಿಗಳು ಕಂಡುಕೊಂಡರು. ಶಾಲಾ ಕಾಲೇಜುಗಳ 100 ಗಜದೊಳಗೆ ತಂಬಾಕು ಮಾರಬಾರದೆಂದು 2003ರ ಕೇಂದ್ರ ಕಾಯ್ದೆ ಹೇಳುತ್ತದೆ. ನಿಮ್ಮ ಮಕ್ಕಳ ಶಾಲೆಯ ಸುತ್ತ ಒಮ್ಮೆ ನಡೆದು ನೋಡಿ. ಆ ಕಾಯ್ದೆ ಎಷ್ಟು ಜೀವಂತವಾಗಿದೆ ಎಂಬುದು ಗೊತ್ತಾಗುತ್ತದೆ. ಈ ವೈಫಲ್ಯವನ್ನು ಪ್ರಶ್ನಿಸಲೇಬೇಕು. ಆದರೆ ಸರಕಾರ ಎಚ್ಚರಗೊಳ್ಳುವವರೆಗೆ ನಮ್ಮ ಬಾಯಿಯನ್ನು ನಾವು ನೋಡಿಕೊಳ್ಳದಿರಲು ಯಾವ ನೆಪವಿದೆ?

ನೋಡುವ ಕ್ರಮ ಸರಳ. ತಿಂಗಳಿಗೊಮ್ಮೆ, ವುಝೂಗೆ ನಿಂತಾಗಲೋ ಹಲ್ಲುಜ್ಜಿದ ಬಳಿಕವೋ, ಒಳ್ಳೆಯ ಬೆಳಕಿನಲ್ಲಿ ಕನ್ನಡಿಯ ಮುಂದೆ ನಿಲ್ಲಿ. ಕೈ ತೊಳೆದುಕೊಂಡಿರಿ. ಕಟ್ಟಿಸಿದ ಹಲ್ಲಿನ ಸೆಟ್ ಇದ್ದರೆ ತೆಗೆದಿಡಿ. ತುಟಿಗಳನ್ನು ಮಡಚಿ ಒಳಭಾಗವನ್ನೂ ಒಸಡನ್ನೂ ನೋಡಿ. ಬೆರಳಿನಿಂದ ಕೆನ್ನೆಯನ್ನು ಹೊರಕ್ಕೆಳೆದು ಎರಡೂ ಬದಿಯ ಒಳಮೈಯನ್ನು ಗಮನಿಸಿ. ಅಡಿಕೆಯನ್ನು ಅದುಮಿಟ್ಟುಕೊಳ್ಳುವ ಜಾಗವನ್ನಂತೂ ತಪ್ಪಿಸಬೇಡಿ. ನಾಲಿಗೆಯನ್ನು ಹೊರಚಾಚಿ ಅದರ ಎರಡೂ ಅಂಚುಗಳನ್ನು, ಬಳಿಕ ಮೇಲೆತ್ತಿ ಅಡಿಭಾಗವನ್ನು ಪರೀಕ್ಷಿಸಿ. ತಲೆಯನ್ನು ಹಿಂದಕ್ಕೆ ಬಾಗಿಸಿ ಅಂಗುಳ ನೋಡಿ. ಕೊನೆಗೆ ದವಡೆಯ ಕೆಳಗೆ ಮತ್ತು ಕುತ್ತಿಗೆಯ ಎರಡೂ ಬದಿಗಳಲ್ಲಿ ಗಂಟುಗಳಿವೆಯೇ ಎಂದು ಬೆರಳಾಡಿಸಿ. ದೃಷ್ಟಿ ಮಂದವಾದ ಹಿರಿಯರಿದ್ದರೆ ಮಕ್ಕಳು ಅವರ ಬಾಯಿ ನೋಡಲಿ.

ಯಾವುದನ್ನು ಗುರುತಿಸಬೇಕು? ಎರಡು ವಾರ ಕಳೆದರೂ ಮಾಯದ ಹುಣ್ಣು, ಉಜ್ಜಿದರೂ ಹೋಗದ ಬಿಳಿ ಮಚ್ಚೆ, ಮಖಮಲ್ಲಿನಂತಹ ಕೆಂಪು ಮಚ್ಚೆ, ಗಡ್ಡೆ, ಕಾರಣವಿಲ್ಲದ ರಕ್ತಸ್ರಾವ, ಸಡಿಲಗೊಂಡ ಹಲ್ಲು, ಜೋಮು, ನುಂಗಲು ತೊಂದರೆ. ಮಚ್ಚೆಗಳಲ್ಲಿ ಕೆಂಪು ಹೆಚ್ಚು ಅಪಾಯಕಾರಿ. ಖಾರ ತಿಂದರೆ ಬಾಯಿ ಉರಿಯುತ್ತಿದೆಯೇ? ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಬಾಯಿಯೊಳಗೆ ತೂರಿಸಲಾಗುತ್ತಿಲ್ಲವೇ? ಹಾಗಾದರೆ ಅಡಿಕೆಯು ಬಾಯಿಯ ಒಳಪದರವನ್ನು ಬಿಗಿಗೊಳಿಸುತ್ತಿರಬಹುದು. ಮುಂದೆ ಅದು ಕ್ಯಾನ್ಸರಿಗೆ ತಿರುಗುವ ಸಾಧ್ಯತೆಯಿದೆ. ಒಂದು ಮಾತು ನೆನಪಿರಲಿ: ಆರಂಭದಲ್ಲಿ ಇದಕ್ಕೆ ಸಾಮಾನ್ಯವಾಗಿ ನೋವಿರುವುದಿಲ್ಲ. ನೋವಿಲ್ಲವೆಂದು ಸುಮ್ಮನಿರುವುದೇ ದೊಡ್ಡ ಪ್ರಮಾದ.

ಕಂಡದ್ದೆಲ್ಲ ಕ್ಯಾನ್ಸರ್ ಅಲ್ಲ. ಚೂಪಾದ ಹಲ್ಲು ತಾಗಿಯೂ ಹುಣ್ಣಾಗುತ್ತದೆ. ಏನೂ ಕಾಣಲಿಲ್ಲವೆಂದ ಮಾತ್ರಕ್ಕೆ ಜಗಿಯಲು ಪರವಾನಗಿ ಸಿಕ್ಕಿತೆಂದೂ ಅಲ್ಲ. ತೀರ್ಮಾನ ಹೇಳಬೇಕಾದವರು ದಂತವೈದ್ಯರು ಅಥವಾ ಕಿವಿ ಮೂಗು ಗಂಟಲಿನ ತಜ್ಞರು. ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡುತ್ತದೆಂಬ ಮಾತು ಆಧಾರವಿಲ್ಲದ್ದು. ಇಂತಹ ಭಯದಿಂದ ತಿಂಗಳುಗಟ್ಟಲೆ ಮನೆಮದ್ದು, ಮುಲಾಮು ಎಂದು ಕಳೆದವರು ಕಳಕೊಂಡದ್ದು ಅಮೂಲ್ಯ ಸಮಯವನ್ನು. ಆರಂಭದಲ್ಲಿ ಸಣ್ಣ ಶಸ್ತ್ರಚಿಕಿತ್ಸೆಯಿಂದ ಗುಣವಾಗುವುದು, ತಡವಾದರೆ ದವಡೆಯನ್ನೋ ನಾಲಿಗೆಯನ್ನೋ ಕಸಿದುಕೊಳ್ಳುತ್ತದೆ.

ತಿರುವನಂತಪುರ ಜಿಲ್ಲೆಯಲ್ಲಿ 1996ರಲ್ಲಿ ಆರಂಭಗೊಂಡ ಅಧ್ಯಯನವೊಂದು ಇಲ್ಲಿ ಉಲ್ಲೇಖಾರ್ಹ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ತೆರಳಿ ಜನರ ಬಾಯಿಯನ್ನು ಬರಿಗಣ್ಣಿನಿಂದ ಪರೀಕ್ಷಿಸಿದರು. ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಈ ಕ್ಯಾನ್ಸರಿನ ಸಾವು ಶೇ. 34ರಷ್ಟು ಕಡಿಮೆಯಾದುದನ್ನು 2005ರಲ್ಲಿ ಪ್ರಕಟವಾದ ಫಲಿತಾಂಶ ತೋರಿಸಿತು. ಜೀವ ಉಳಿಸಿದ್ದು ದುಬಾರಿ ಯಂತ್ರವಲ್ಲ, ತರಬೇತಾದ ಕಣ್ಣು ಮತ್ತು ಸಮಯಕ್ಕೆ ಸರಿಯಾದ ಚಿಕಿತ್ಸೆ. ಮೂವತ್ತು ದಾಟಿದವರ ಬಾಯಿಯನ್ನು ಪರೀಕ್ಷಿಸುವುದು ಇಂದು ಸರಕಾರಿ ಆರೋಗ್ಯ ಕಾರ್ಯಕ್ರಮದ ಭಾಗವೇ ಆಗಿದೆ. ಅದನ್ನು ಕೇಳಿ ಪಡೆಯುವುದು ನಮ್ಮ ಹಕ್ಕು.

ನಮ್ಮ ಜಮಾಅತ್‌ಗಳು ರಕ್ತದಾನ ಶಿಬಿರ, ಕಣ್ಣಿನ ಶಿಬಿರಗಳನ್ನು ನಡೆಸುತ್ತಿವೆ. ಅವುಗಳ ಜೊತೆ ಒಬ್ಬ ದಂತವೈದ್ಯರ ಕುರ್ಚಿಯನ್ನೂ ಇಡಲಿ. ಮಹಿಳೆಯರಿಗೆ ಪ್ರತ್ಯೇಕ ಕೊಠಡಿಯೂ ವೈದ್ಯೆಯೂ ಇರಲಿ. ಯಾಕೆಂದರೆ ಎಲೆಯಡಿಕೆ ಜಗಿಯುವ ನಮ್ಮ ತಾಯಂದಿರು ಬಾಯಿಹುಣ್ಣನ್ನು ಸಂಕೋಚದಿಂದ ಮುಚ್ಚಿಡುತ್ತಾರೆ. ಮದುವೆ ಮಂಟಪಗಳಿಂದ ಎಲೆಯಡಿಕೆಯ ತಟ್ಟೆಯನ್ನು ಹಿಂದಕ್ಕೆ ಸರಿಸುವ ಧೈರ್ಯವನ್ನು ಮನೆಯ ಹಿರಿಯರು ತೋರಲಿ. ಶರೀರವು ಅಲ್ಲಾಹನು ನಮಗೊಪ್ಪಿಸಿದ ಅಮಾನತ್ತು ಎಂದು ನಂಬುವ ಸಮುದಾಯಕ್ಕೆ ಆ ಅಮಾನತ್ತನ್ನು ತಿಂಗಳಿಗೊಮ್ಮೆ ಎರಡು ನಿಮಿಷ ಪರಿಶೀಲಿಸುವುದು ಭಾರವಾಗಬಾರದು.